ಪಾಲಕರಿಲ್ಲದ ತಂತ್ರಾಂಶಕ್ಕೆ ಹೊಣೆ ಯಾರು?

ಬಿಲ್ಲಿಂಗ್, ಲೆಕ್ಕಪತ್ರ, ದಾಸ್ತಾನು ನಿರ್ವಹಣೆಯ ಬಹುತೇಕ ತಂತ್ರಾಂಶಗಳು ಉಚಿತವಾಗಿ ದೊರೆಯುವ ಮುಕ್ತ ಆಕರ ಲೈಬ್ರರಿಗಳನ್ನು ಅವಲಂಬಿಸಿವೆ. ಇವುಗಳಲ್ಲಿ ಅನೇಕವನ್ನು ಒಬ್ಬಿಬ್ಬರು ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಪಾಲಿಸುತ್ತಾರೆ. ಅವರು ದಣಿದಾಗ ಉಳಿಯುವ ಮಾರ್ಗಗಳು ಮೂರು: ಹಸ್ತಾಂತರ, ಆರ್ಥಿಕ ಬೆಂಬಲ ಅಥವಾ ಘೋಷಿತ ಮುಕ್ತಾಯ.

ಹಸ್ತಾಂತರದ ಅಪಾಯವನ್ನು ಎಕ್ಸ್‌ಜೆಡ್ ಯುಟಿಲ್ಸ್ ಪ್ರಕರಣ ತೋರಿಸಿಕೊಟ್ಟಿತು. ದತ್ತಾಂಶ ಸಂಕೋಚನದ ಈ ಲೈಬ್ರರಿಯ ಏಕೈಕ ಪಾಲಕರು ಬಳಲಿದ್ದಾಗ, ದೀರ್ಘಕಾಲ ನೆರವಾಗಿ ವಿಶ್ವಾಸ ಗಳಿಸಿದ ಅಪರಿಚಿತನೊಬ್ಬ ಸಹಪಾಲಕನಾದ, 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಕಳ್ಳದಾರಿಯನ್ನು ಸೇರಿಸಿದ. ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾದುದನ್ನು ಆಂಡ್ರೆಸ್ ಫ್ರಾಯಂಡ್ ಎಂಬ ಇಂಜಿನಿಯರ್ ಗಮನಿಸಿದ್ದರಿಂದ ಅನಾಹುತ ತಪ್ಪಿತು.

ಹಣದ ನೆರವೂ ತಡವಾಗಿಯೇ ಬರುತ್ತದೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದ ನಂತರವೇ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮುಖಾಂತರ ಅನುದಾನ ಒದಗಿಸಿದವು.

ಗುರುತಿಲ್ಲದವನ ಕೈಗೆ ಉಗ್ರಾಣದ ಬೀಗದ ಕೈ ಕೊಡುವ ವರ್ತಕರಿಲ್ಲ. ತಂತ್ರಾಂಶ ಖರೀದಿಯಲ್ಲೂ ಅದೇ ಎಚ್ಚರಿಕೆ ಅಗತ್ಯ. ಬಳಸಿರುವ ಲೈಬ್ರರಿಗಳ ಪಟ್ಟಿಯನ್ನೂ ಅವುಗಳ ಪಾಲಕರ ವಿವರವನ್ನೂ ಮಾರಾಟಗಾರರಿಂದ ಕೇಳಿ ಪಡೆಯಬೇಕು. ವಾರ್ಷಿಕ ನಿರ್ವಹಣಾ ಶುಲ್ಕದ ಅಲ್ಪಾಂಶ ಆ ಪಾಲಕರಿಗೆ ಸಲ್ಲುವಂತೆ ಕರಾರಿನಲ್ಲಿಯೇ ಸೇರಿಸಬೇಕು. ಹಣವೂ ನಂಬಿಗಸ್ತ ಉತ್ತರಾಧಿಕಾರಿಯೂ ದೊರೆಯದಿದ್ದಲ್ಲಿ, ಕಾಲಾವಕಾಶ ನೀಡಿ ಮುಚ್ಚುವುದೇ ಲೇಸು. ಉಚಿತವಾಗಿ ಬಂದ ಸರಕಿಗೂ ಪಾಲನೆಯ ವೆಚ್ಚವುಂಟು. ಅದನ್ನು ಯಾರಾದರೂ ಭರಿಸಲೇಬೇಕು.