ಕ್ಯಾಮೆರಾ ಬದಲಾಯಿತು, ಕಪಾಟು ಬದಲಾಗಲಿಲ್ಲ

ಆಂಧ್ರದ ಕೋಸಗಿ, ಆದೋನಿ, ಎಮ್ಮಿಗನೂರು ಸೀಮೆಯ ಮದುವೆ ವಿಡಿಯೊ ಸ್ಟುಡಿಯೊಗಳು ವಿಎಚ್‌ಎಸ್ ಕ್ಯಾಸೆಟ್‌ನಿಂದ ಮಿನಿಡಿವಿಗೆ, ಅಲ್ಲಿಂದ ಮೆಮೊರಿ ಕಾರ್ಡಿಗೆ ಬಂದ ದಾರಿಯನ್ನು ಹಿಂತಿರುಗಿ ನೋಡಿದರೆ, ಚಿತ್ರದ ಗುಣಮಟ್ಟದಲ್ಲಿ ಗೆದ್ದಿದ್ದೇವೆ, ಜೋಪಾನದಲ್ಲಿ ಸೋತಿದ್ದೇವೆ. ಒಂದು ತಾಸಿನ ಮಿನಿಡಿವಿ ಟೇಪಿನಲ್ಲಿ ಇರುತ್ತಿದ್ದದ್ದು ಸುಮಾರು 13 ಜಿಬಿ. ಇಂದಿನ 4ಕೆ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆದರೆ ಅದೇ ತಾಸಿಗೆ 45 ಜಿಬಿ. ಒಂದು ಮದುವೆಗೆ ಎರಡು ಕ್ಯಾಮೆರಾ ತಲಾ ಐದು ತಾಸು ಓಡಿದರೆ 450 ಜಿಬಿ, ಡ್ರೋನಿನದು ಬೇರೆ.

ಆದರೆ ಗಾತ್ರಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಮಿಕ್ಸಿಂಗ್ (ಎಡಿಟಿಂಗ್) ಮುಗಿದ ಮೇಲೂ ಮೂಲ ಕ್ಯಾಸೆಟ್ ಕಪಾಟಿನಲ್ಲಿ ಉಳಿಯುತ್ತಿತ್ತು. ಅದರ ಮೇಲೆಯೇ ಮತ್ತೊಂದು ಮದುವೆ ರೆಕಾರ್ಡ್ ಮಾಡಿ ಇಡೀ ರಾತ್ರಿಯ ಬಯಲಾಟವನ್ನು ಅಳಿಸಿದ್ದೂ ಉಂಟು. ಆ ನಷ್ಟ ಸಣ್ಣದಲ್ಲ. ಆದರೂ ಉಳಿಸಬೇಕೆಂದವರ ಕೈಯಲ್ಲಿ ಮೂಲ ಇತ್ತು. ಕಾರ್ಡ್ ಹಾಗಲ್ಲ. ನಾಳೆಯ ಮುಹೂರ್ತಕ್ಕೆ ಅದೇ ಬೇಕು, ಫಾರ್ಮ್ಯಾಟ್ ಆಗಲೇಬೇಕು. ಆಮೇಲೆ ಆ ಮದುವೆ ಇರುವುದು ಒಂದೇ ಹಾರ್ಡ್ ಡಿಸ್ಕಿನಲ್ಲಿ.

ಲಗ್ನಗಳು ಒತ್ತಾಗಿ ಬರುವ ದಿನಗಳಲ್ಲಿ ಮಿಕ್ಸಿಂಗ್ ರೂಮಿನ ರಾತ್ರಿ ಹೇಗಿರುತ್ತದೆಂದು ಕಸುಬಿನವರಿಗೆ ಗೊತ್ತು. ಹನ್ನೊಂದಕ್ಕೆ ಹುಡುಗ ಮೂರು ಕಾರ್ಡ್ ತಂದು ಮೇಜಿನ ಮೇಲಿಡುತ್ತಾನೆ. ಕಾಪಿ ಅರ್ಧಕ್ಕೆ ಬಂದಾಗ ಕರೆಂಟ್ ಹೋಗುತ್ತದೆ. ಯುಪಿಎಸ್ ಬ್ಯಾಟರಿ ಹಳೆಯದು, ಐದು ನಿಮಿಷವೂ ತಡೆಯುವುದಿಲ್ಲ. ಕರೆಂಟ್ ಬಂದ ಮೇಲೆ ಉಳಿದದ್ದನ್ನು ಎಳೆದು ಹಾಕುತ್ತಾರೆ. ಫೋಲ್ಡರಿನಲ್ಲಿ ಎಲ್ಲ ಫೈಲುಗಳ ಹೆಸರೂ ಕಾಣುತ್ತವೆ, ಆಯಿತೆಂದು ಮಲಗುತ್ತಾರೆ. ಬೆಳಗಿನ ಐದಕ್ಕೆ ಕಾರ್ಡ್ ಫಾರ್ಮ್ಯಾಟ್. ಹದಿನೈದು ದಿನ ಕಳೆದು ಎಡಿಟಿಂಗ್ ತಂತ್ರಾಂಶ ಎಡಿಯಸ್‌ನ ಟೈಮ್‌ಲೈನಿಗೆ ತಂದಾಗ ತಾಳಿ ಕಟ್ಟುವ ಕ್ಲಿಪ್ಪೇ ತೆರೆಯುವುದಿಲ್ಲ.

ಇದಕ್ಕೆ ದುಬಾರಿ ಮದ್ದು ಬೇಕಿಲ್ಲ. ಟೆರಾಕಾಪಿಯಂಥ ತಂತ್ರಾಂಶ ಕಾಪಿಯಾದ ಫೈಲನ್ನು ಮೂಲದೊಂದಿಗೆ ತಾಳೆ ನೋಡಿ ಹೇಳುತ್ತದೆ. ತಾಳೆಯಾಗಿ, ಎರಡನೆಯ ಡಿಸ್ಕಿಗೂ ಹೋದ ಮೇಲಷ್ಟೇ ಕಾರ್ಡ್ ಕ್ಯಾಮೆರಾಕ್ಕೆ ಮರಳಬೇಕು. ಒಂದೆರಡು ಕಾರ್ಡ್ ಹೆಚ್ಚಿಗೆ ಕೊಳ್ಳುವ ಖರ್ಚು ಹೊಸ ಲೆನ್ಸಿನ ಬೆಲೆಯ ಮುಂದೆ ಏನೂ ಅಲ್ಲ. ಒಂದೇ ಫೈಲನ್ನು ಎರಡು ಡಿಸ್ಕಿಗೂ ಒಟ್ಟಿಗೆ ಬರೆಯುವ ರೇಡ್ ಪೆಟ್ಟಿಗೆ ಇಟ್ಟುಕೊಂಡವರು ನಿಶ್ಚಿಂತರಾಗಿರುವುದನ್ನು ಕಂಡರೆ ಆತಂಕವಾಗುತ್ತದೆ. ಒಂದು ಡಿಸ್ಕ್ ಕೆಟ್ಟರೆ ಅದು ಕಾಯುತ್ತದೆ, ನಿಜ. ತಪ್ಪಿ ಡಿಲೀಟ್ ಒತ್ತಿದರೆ ಎರಡರಲ್ಲೂ ಒಮ್ಮೆಗೇ ಅಳಿಯುತ್ತದೆ. ಎಸ್‌ಎಸ್‌ಡಿಯೂ ಅಷ್ಟೆ: ಕೆಲಸಕ್ಕೆ ಬಲು ಚುರುಕು, ಆದರೆ ನಮ್ಮ ಬೇಸಿಗೆಯ ಬಿಸಿ ಕೋಣೆಯಲ್ಲಿ ಕರೆಂಟಿಲ್ಲದೆ ವರ್ಷಗಟ್ಟಲೆ ಎತ್ತಿಡುವ ವಸ್ತುವಲ್ಲ.

2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿದ್ದನ್ನು, ರಾಯರ ಮಠದೊಳಕ್ಕೇ ನೀರು ನುಗ್ಗಿದ್ದನ್ನು ಈ ಭಾಗ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಒಂದೇ ಕೋಣೆಯಲ್ಲಿರುವ ಎರಡು ಪ್ರತಿ ಒಂದಕ್ಕೇ ಸಮ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಹೆಸರಿನೊಂದಿಗೆ ಬಳಕೆಗೆ ಬಂದ 3-2-1 ಸೂತ್ರ ಹೇಳುವುದು ಇದನ್ನೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಕೋಸಗಿಯವರಿಗೆ ಆ ಬೇರೆ ಜಾಗ ರೈಲು ಹಾದಿಯಲ್ಲೇ ಇದೆ. ಆದೋನಿಯ ನಂಟರ ಮನೆಯ ಬೀರುವಿನಲ್ಲಿ ಒಂದು ಡಿಸ್ಕ್ ಇಟ್ಟರೆ ಸಾಕು.

ಇಲ್ಲಿ ಜೋಪಾನಕ್ಕೆ ಇನ್ನೂ ಒಂದು ತೂಕವಿದೆ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಮಂದಿ ಗುಂಟೂರಿಗೋ ಬೆಂಗಳೂರಿಗೋ ಗುಳೆ ಹೋಗುತ್ತಾರೆ. ಬಾಕಿ ಹಣ ಹೊಂದಿಸಿಕೊಂಡು ವಿಡಿಯೊ ಕೇಳಲು ಬರುವುದು ಮುಂದಿನ ವರ್ಷವೋ, ಅದರಾಚೆಯೋ. ಅಷ್ಟರಲ್ಲಿ ಮನೆಯ ಹಿರಿಯರೊಬ್ಬರು ತೀರಿಕೊಂಡಿದ್ದರೆ, ಅವರ ನಡಿಗೆ, ಅವರ ದನಿ ಇರುವುದು ಆ ಫೂಟೇಜಿನಲ್ಲಿ ಮಾತ್ರ. ಎಷ್ಟು ದಿನ ಕಾದಿಡುತ್ತೇವೆ ಎಂಬುದನ್ನು ಅಡ್ವಾನ್ಸ್ ರಸೀದಿಯಲ್ಲೇ ಬರೆಯಬೇಕು. ಅಳಿಸುವ ಮುನ್ನ ಫೋನ್ ಮಾಡಬೇಕು. ಕಾದಿಡುವುದಕ್ಕೆ ಬೇರೆ ಹಣ ಕೇಳಿದರೂ ತಪ್ಪಿಲ್ಲ.

ಕಾಯಬೇಕಾದದ್ದು ಮದುವೆಗಳನ್ನಷ್ಟೇ ಅಲ್ಲ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಇಲ್ಲಿನ ಕನ್ನಡದ ಸೋಬಾನೆ ಪದ, ಬಯಲಾಟ, ಶ್ರಾವಣದ ಉರುಕುಂದ ಈರಣ್ಣನ ಜಾತ್ರೆ, ದಸರೆಯ ದೇವರಗಟ್ಟಿನ ಬಡಿಗೆಯಾಟದ ರಾತ್ರಿ ಇವನ್ನೆಲ್ಲ ವರ್ಷ ವರ್ಷವೂ ಹಿಡಿಯುತ್ತ ಬಂದವರು ಇದೇ ಸ್ಟುಡಿಯೊದವರು. ಎರಡು ರಾಜ್ಯಗಳ ಯಾವ ಕಚೇರಿಯೂ ಬಂದು ಅವರ ಡಿಸ್ಕ್ ಕಾಯುವುದಿಲ್ಲ. ಕಾಯದಿದ್ದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ಕಣ್ಣ ಮುಂದಿದೆ: ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ 1934ರದು. ಅದರ ಪ್ರತಿಯೇ ಇಂದು ಸಿಗುವುದಿಲ್ಲ.

ಎಲ್ಲಕ್ಕಿಂತ ತುರ್ತಿನದು ಹಳೆಯ ಮಿನಿಡಿವಿ ಟೇಪುಗಳ ಕೆಲಸ. ಅವನ್ನು ಓಡಿಸುವ ಕ್ಯಾಮೆರಾಗಳ ಹೆಡ್ ಸವೆದಿದೆ, ಟೇಪಿನಿಂದ ಇಳಿಸಿಕೊಳ್ಳಲು ಬೇಕಾದ ಫೈರ್‌ವೈರ್ ಪೋರ್ಟೇ ಹೊಸ ಕಂಪ್ಯೂಟರುಗಳಲ್ಲಿ ಇಲ್ಲ. ಟೇಪು ಓಡುವಷ್ಟೇ ಹೊತ್ತು ಕಾಪಿಗೂ ಬೇಕು: 100 ಟೇಪಿಗೆ 100 ತಾಸು. ಒಬ್ಬರಿಂದ ಆಗುವ ಕೆಲಸವಲ್ಲ. ಮೂರೂ ಊರಿನ ಸ್ಟುಡಿಯೊದವರು ಕೂಡಿ ಸರಿಯಾಗಿ ಓಡುವ ಒಂದು ಕ್ಯಾಮೆರಾ, ಫೈರ್‌ವೈರ್ ಇರುವ ಒಂದು ಹಳೆಯ ಕಂಪ್ಯೂಟರ್ ಹೊಂದಿಸಿಕೊಂಡರೆ, ಲಗ್ನಗಳಿಲ್ಲದ ಆಷಾಢದಲ್ಲಿ ಶುರುಮಾಡಬಹುದು. ಮೊದಲು ಬಯಲಾಟದ ಟೇಪುಗಳು ಕಾಪಿಯಾಗಲಿ; ಮದುವೆಯವು ಆಮೇಲೆ.