ಎರಡು ಡಾಲರ್ ನಾಣ್ಯಕ್ಕೆ ಎಷ್ಟು ಬೆಲೆ?

ಪೆಸಿಫಿಕ್ ಸಾಗರದಲ್ಲಿ ನಿಯುವೆ ಎಂಬ ಪುಟ್ಟ ದ್ವೀಪ ದೇಶವಿದೆ. ಜನಸಂಖ್ಯೆ ಎರಡು ಸಾವಿರವೂ ಇಲ್ಲ. ಅಲ್ಲಿನ ಅಂಗಡಿಗಳಲ್ಲಿ ನಡೆಯುವುದು ನ್ಯೂಜಿಲೆಂಡ್ ಡಾಲರ್. ಆದರೆ ನಿಯುವೆಯ ಹೆಸರಿನ ಸ್ಮರಣಾರ್ಥ ನಾಣ್ಯಗಳು ಪ್ರಪಂಚದಾದ್ಯಂತ ಮಾರಾಟವಾಗುತ್ತವೆ. 2011ರಲ್ಲಿ ಬಂದ ಬೆಳ್ಳಿ ನಾಣ್ಯಗಳ ಒಂದು ಬದಿಯಲ್ಲಿ ರಾಣಿ ಎಲಿಜಬೆತ್, ಇನ್ನೊಂದು ಬದಿಯಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾದ ಪಾತ್ರಗಳು! ತಯಾರಿಸಿದ್ದು ನ್ಯೂಜಿಲೆಂಡಿನ ಒಂದು ಖಾಸಗಿ ಟಂಕಸಾಲೆ. ತುವಾಲು ದೇಶದ ಇಂಥ ಅನೇಕ ನಾಣ್ಯಗಳು ತಯಾರಾಗುವುದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ.

“ಇದು ದೇಶದ ಮರ್ಯಾದೆ ಮಾರಿಕೊಂಡಂತೆ” ಎಂದು ನಮ್ಮ ತರಗತಿಯಲ್ಲಿ ಕೆಲವರು ವಾದಿಸಿದರು. ನಾನು ಒಪ್ಪುವುದಿಲ್ಲ. ದೊಡ್ಡ ಕಾರ್ಖಾನೆಯಿಲ್ಲದ, ಜಮೀನು ಕಡಿಮೆಯಿರುವ ದೇಶಕ್ಕೆ ತನ್ನ ಹೆಸರೂ ಒಂದು ಆಸ್ತಿ. ಅದನ್ನು ಬಳಸಲು ಬಿಟ್ಟು ರಾಯಧನ ಪಡೆಯುತ್ತದೆ. ತುವಾಲು ‘.ಟಿವಿ’ ಎಂಬ ತನ್ನ ಇಂಟರ್ನೆಟ್ ವಿಳಾಸದಿಂದಲೂ ಹಣ ಗಳಿಸುತ್ತದೆ. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅನ್ನು ಆಸ್ತಿಯ ಕಡೆಗೆ ಬರೆಯುವ ನಾವು ಇದನ್ನು ತಪ್ಪೆನ್ನುವುದು ಹೇಗೆ?

ನನ್ನ ತಕರಾರು ಮಾರುವ ರೀತಿಯ ಬಗ್ಗೆ. ಜಾಹೀರಾತುಗಳಲ್ಲಿ ‘ಲೀಗಲ್ ಟೆಂಡರ್’ ಎಂದು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಅದನ್ನು ಮೊಬೈಲ್‌ನಲ್ಲಿ ನೋಡಿದ ನನ್ನ ಮಾಮು, “ಸರ್ಕಾರದ ಪೈಸಾ ಅಲ್ವಾ ಬೇಟಾ, ನಷ್ಟ ಹೇಗಾಗುತ್ತೆ?” ಎಂದು ಕೇಳಿದರು. ತುಂಬಾ ಜನ ಹೀಗೇ ಯೋಚಿಸುತ್ತಾರೆ.

ಇಂಥ ನಾಣ್ಯಕ್ಕೆ ಮೂರು ಬೆಲೆಗಳಿವೆ. ಮೊದಲನೆಯದು ಮುಖಬೆಲೆ, ಅಂದರೆ ಎರಡು ಡಾಲರ್. ಸರ್ಕಾರದ ಮಾತು ಇರುವುದು ಇದಕ್ಕೆ ಮಾತ್ರ. ಎರಡನೆಯದು ಲೋಹದ ಬೆಲೆ. ಒಂದು ಔನ್ಸ್, ಅಂದರೆ ಸುಮಾರು 31.1 ಗ್ರಾಂ ಬೆಳ್ಳಿ ಎರಡು ಡಾಲರಿಗಿಂತ ಎಷ್ಟೋ ಹೆಚ್ಚು ಬೆಲೆ ಬಾಳುತ್ತದೆ, ಆದರೆ ಅದು ದಿನವೂ ಏರಿಳಿಯುತ್ತದೆ. ಮೂರನೆಯದು ಮಾರುವವರು ಕೇಳುವ ಬೆಲೆ, ಅದು ಇನ್ನೂ ಹೆಚ್ಚು. ಬೆಳ್ಳಿಯ ಮೇಲೆ ಕೊಟ್ಟ ಆ ಹೆಚ್ಚುವರಿ ಹಣ ವಾಪಸ್ ಬರಬೇಕಾದರೆ ನಾಳೆ ಇನ್ನೊಬ್ಬರು ಅದೇ ನಾಣ್ಯವನ್ನು ಆಸೆಪಟ್ಟು ಕೊಳ್ಳಬೇಕು. ಅದಕ್ಕೆ ಯಾವ ಸರ್ಕಾರವೂ ಜಾಮೀನು ನಿಂತಿಲ್ಲ.

ನಮ್ಮ ದೇಶದಲ್ಲೂ ಇಂಥ ನಾಣ್ಯಗಳಿವೆ. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ 75 ರೂಪಾಯಿ ನಾಣ್ಯ ಬಂತು. ಅದರಲ್ಲಿ ಅರ್ಧ ಬೆಳ್ಳಿ. ಅದನ್ನು ಕೊಟ್ಟು ಕ್ಯಾಂಟೀನ್‌ನಲ್ಲಿ ಯಾರೂ ಊಟ ಮಾಡುವುದಿಲ್ಲ. ಹಣ ವಿನಿಮಯದ ಮಾಧ್ಯಮ ಎಂದು ನಾವು ಓದುತ್ತೇವೆ. ಕೈಯಿಂದ ಕೈಗೆ ಹೋಗದ ನಾಣ್ಯ ಹಣಕ್ಕಿಂತ ಹೆಚ್ಚಾಗಿ ಒಂದು ಸರಕು.

ಗೆಳೆಯರೇ, ಚೆಂದ ಕಂಡರೆ, ಹವ್ಯಾಸವಿದ್ದರೆ ಧಾರಾಳವಾಗಿ ಕೊಳ್ಳಿ. ಉಳಿತಾಯ ಎಂದುಕೊಂಡು ಮಾತ್ರ ಕೊಳ್ಳಬೇಡಿ. ಮನೆಯಲ್ಲಿ ಯಾರಾದರೂ ಕೊಳ್ಳಲು ಹೊರಟರೆ ಈ ಮೂರು ಬೆಲೆಗಳನ್ನು ಒಂದು ಕಾಗದದ ಮೇಲೆ ಬರೆದು ತೋರಿಸಿ. ಕಾಮರ್ಸ್ ಓದುವ ನಾವು ಅಷ್ಟಾದರೂ ಮಾಡಬೇಕು.