ಕಾರಿನ ಬಾಗಿಲಲ್ಲಿ ಗಾಳಿಯ ಸದ್ದು: ಹುಡುಕಿದವನಿಗೆ ಕೂಲಿ ಬೇಡವೇ?

ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ನನ್ನದೇ ಕಾರಿನ ಬಾಗಿಲೊಂದು ಪಾಠ ಹೇಳಿತೆಂದರೆ ಓದುಗರು ನಗಬಹುದು. ನಗಲಿ. ಆ ಪಾಠಕ್ಕೆ ನಾನು ತೆತ್ತ ಶುಲ್ಕ ಆರು ಸಾವಿರ ರೂಪಾಯಿಗೂ ಮಿಕ್ಕಿದ್ದು. ಅದರಿಂದ ಬೇರೆಯವರಿಗಾದರೂ ಉಪಯೋಗವಾಗಲೆಂದು ಈ ಬರಹ.

ನಾವಿರುವುದು ಚಿತ್ರದುರ್ಗದಲ್ಲಿ, ಮಗಳ ಸಂಸಾರ ಬೆಂಗಳೂರಿನಲ್ಲಿ. ಈಗ 48 ಎಂಬ ಸಂಖ್ಯೆ ಹೊತ್ತಿರುವ, ನಮ್ಮ ತಲೆಮಾರಿನವರ ಬಾಯಲ್ಲಿ ಇನ್ನೂ ನಾಲ್ಕನೇ ನಂಬರಿನದಾಗಿಯೇ ಉಳಿದಿರುವ ಹೆದ್ದಾರಿಯಲ್ಲಿ ಹಿರಿಯೂರು, ಶಿರಾ, ತುಮಕೂರು ದಾಟಿ ಸುಮಾರು ಇನ್ನೂರು ಕಿಲೋಮೀಟರು. ಮದುವೆಯಾಗಿ ನಲವತ್ತು ವರ್ಷ ಕಳೆದ ದಂಪತಿಗಳಿಗೆ ಮನಬಿಚ್ಚಿ ಮಾತನಾಡಲು ಮನೆಗಿಂತ ಪ್ರಯಾಣವೇ ಹೆಚ್ಚು ಅನುಕೂಲ ಎಂಬುದು ನನ್ನ ಅನುಭವ. ಮನೆಯಲ್ಲಿ ಟಿ.ವಿ. ಇದೆ, ಕುಕ್ಕರಿನ ಸೀಟಿ ಇದೆ, ಬಂದು ಹೋಗುವವರಿದ್ದಾರೆ. ಕಾರಿನಲ್ಲಿ ನಾವಿಬ್ಬರೇ.

ಮೂರು ವರ್ಷಗಳಿಂದ ನನ್ನ ಪತ್ನಿಗೆ ಕಿವಿ ಮಂದವಾಗಿದೆ. ಶ್ರವಣಯಂತ್ರ ಹಾಕಿಕೊಂಡರೆ ಮನೆಯೊಳಗೆ ತೊಂದರೆಯಿಲ್ಲ. ಆದರೆ ಒಂದೂವರೆ ವರ್ಷದ ಹಿಂದೆ ಕಾರಿನಲ್ಲಿ ಒಂದು ಸದ್ದು ಆರಂಭವಾಯಿತು. ವೇಗ ಎಪ್ಪತ್ತು ದಾಟಿದೊಡನೆ ಬಾಗಿಲ ಸಂದಿಯಲ್ಲಿ ಯಾರೋ ತುಟಿ ಸೇರಿಸಿ ‘ಶ್‌ಶ್’ ಎಂದು ಊದುತ್ತಿರುವಂತೆ. ತೊಂಬತ್ತಕ್ಕೆ ಹೋದರೆ ಅದೇ ಸೀಟಿಯಾಗುತ್ತಿತ್ತು. ನಮ್ಮ ಮಾತಿನ ಸ್ವರಗಳಿಗೆ ಬಲವಿದೆ. ಸ, ಶ, ತ, ಕ ಮುಂತಾದ ವ್ಯಂಜನಗಳು ಮೆಲುದನಿಯವು. ಗಾಳಿಯ ಸದ್ದು ಮೊದಲು ನುಂಗುವುದು ಅವುಗಳನ್ನೇ. ಶ್ರವಣಯಂತ್ರವಾದರೋ ಮಾತಿನ ಜೊತೆಗೆ ಸದ್ದನ್ನೂ ಹಿಗ್ಗಿಸಿ ಕಿವಿಗೆ ತುಂಬುತ್ತದೆ. ಹಿರಿಯೂರು ಬರುವ ಮೊದಲೇ ಆಕೆ ಯಂತ್ರವನ್ನು ತೆಗೆದು ಡಬ್ಬಿಗೆ ಹಾಕಿ, ಡಬ್ಬಿಯನ್ನು ಬ್ಯಾಗಿಗೆ ಹಾಕಿ, ಕಿಟಕಿಯ ಕಡೆ ಮುಖ ಮಾಡಿ ಕುಳಿತುಬಿಡುತ್ತಿದ್ದಳು. ಇನ್ನೂರು ಕಿಲೋಮೀಟರು ಮೌನ. ಸದ್ದಿಗಿಂತ ಆ ಮೌನ ನನ್ನನ್ನು ಹೆಚ್ಚು ಕಾಡಿತು.

“ರೀ, ಸದ್ದು ನನ್ನ ಕಡೆ ಬಾಗಿಲಲ್ಲೇ ಇದೆ. ಮೇಲುಗಡೆ ಕೈಯಿಟ್ಟರೆ ನಡುಗುತ್ತದೆ” ಎಂದು ಆಕೆ ಮೊದಲ ತಿಂಗಳಲ್ಲೇ ಹೇಳಿದ್ದಳು. ನನಗೆ ಅದು ಬಲಗಡೆಯಿಂದ, ನನ್ನ ಬಾಗಿಲಿನಿಂದಲೇ ಬಂದಂತೆ ಕೇಳುತ್ತಿತ್ತು. ಕಿವಿ ಸರಿಯಿಲ್ಲದವಳ ಮಾತಿಗಿಂತ ಕಿವಿ ಸರಿಯಿರುವ ವಿಜ್ಞಾನದ ಮೇಷ್ಟರ ಮಾತೇ ಸರಿಯೆಂದು ನಾನು ತೀರ್ಮಾನಿಸಿದೆ. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆಕೆಗೆ ಅರ್ಥವಾಗಿರಬೇಕು. ಎರಡನೆಯ ಸಲ ಆ ಮಾತನ್ನು ಆಕೆ ಎತ್ತಲಿಲ್ಲ.

ಕಾರನ್ನು ದೊಡ್ಡದೊಂದು ವರ್ಕ್‌ಶಾಪಿಗೆ ಒಯ್ದೆ. ಅಲ್ಲಿನವರು ಪೈಪು ಹಿಡಿದು ಬಾಗಿಲುಗಳಿಗೆ ನೀರು ಹೊಡೆದರು. ಒಂದು ಹನಿಯೂ ಒಳಗೆ ಬರಲಿಲ್ಲ. ಆದರೂ “ಬೀಡಿಂಗ್ ಹಳೆಯದಾಗಿದೆ ಸಾರ್, ನಾಲ್ಕೂ ಬಾಗಿಲಿಗೆ ಹೊಸದು ಹಾಕಬೇಕು” ಎಂದರು. ಹಾಕಿದರು. ಬಿಲ್ಲು 6,400 ರೂಪಾಯಿ. ಬಾಗಿಲುಗಳು ಮೊದಲಿಗಿಂತ ಬಿಗಿಯಾಗಿ, ಬಲವಾಗಿ ಎಳೆದು ಹಾಕಿಕೊಳ್ಳಬೇಕಾದವು. ಸದ್ದು ಮಾತ್ರ ಇದ್ದಲ್ಲೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕೊನೆಗೆ ನೆರವಾದವನು ನನ್ನ ಹಳೆಯ ವಿದ್ಯಾರ್ಥಿ. ಎಸ್.ಎಸ್.ಎಲ್.ಸಿ.ಯಲ್ಲಿ ಎರಡು ಸಲ ನಪಾಸಾಗಿ ಗ್ಯಾರೇಜು ಸೇರಿದವನು. ಈಗ ಊರ ಹೊರಗೆ ತಗಡಿನ ಸೂರಿನ ಕೆಳಗೆ ಸ್ವಂತ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಅವನು ಕಾರನ್ನು ಮುಟ್ಟುವ ಮೊದಲು ಪ್ರಶ್ನೆ ಕೇಳಿದ. ಅದೇ ವೇಗದಲ್ಲಿ ಗೇರು ಬದಲಿಸಿದರೆ ಸದ್ದು ಬದಲಾಗುತ್ತದೆಯೇ? ಆದರೆ ಎಂಜಿನ್ನಿನದು. ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ಬದಲಾಗುತ್ತದೆಯೇ? ಆದರೆ ಟೈರಿನದು. ಎರಡೂ ಇಲ್ಲ, ಅಡ್ಡಗಾಳಿ ಬೀಸಿದಾಗ ಮಾತ್ರ ಬದಲಾಗುತ್ತದೆ ಎಂದೆ. “ಹಾಗಾದರೆ ಗಾಳಿಯದೇ ಸಾರ್” ಎಂದ. ಕಿಟಕಿಗಳ ಮೇಲೆ ಮಳೆಗೆಂದು ನಾನು ಹಾಕಿಸಿದ್ದ ಪ್ಲಾಸ್ಟಿಕ್ ವೈಸರುಗಳ ಮೇಲೆ ಅವನಿಗೆ ಮೊದಲ ಅನುಮಾನ. ಎಷ್ಟೋ ಕಾರುಗಳಲ್ಲಿ ಸೀಟಿ ಹೊಡೆಯುವವು ಅವೇ ಅಥವಾ ಮೇಲಿನ ಕ್ಯಾರಿಯರು ಎಂದ. ಬಿಚ್ಚಿ ಓಡಿಸಿ ನೋಡಿದೆವು. ಸದ್ದು ಹೋಗಲಿಲ್ಲ.

ಆಮೇಲೆ ಅವನು ಬಣ್ಣ ಹೊಡೆಯುವವರು ಬಳಸುವ ಮಾಸ್ಕಿಂಗ್ ಟೇಪಿನ ಸುರುಳಿ ತಂದ. ನಾನು ಚಾಲಕನ ಸೀಟಿನಲ್ಲಿ, ನನ್ನಾಕೆ ಪಕ್ಕದಲ್ಲಿ, ಅವನು ಹಿಂದೆ ಕುಳಿತೆವು. ಗ್ಯಾರೇಜಿನ ಹುಡುಗ ನಾಲ್ಕೂ ಬಾಗಿಲುಗಳ ಸಂದಿಯನ್ನು ಹೊರಗಿನಿಂದ ಸುತ್ತಲೂ ಟೇಪು ಅಂಟಿಸಿ ಮುಚ್ಚಿದ. ಈ ಟೇಪು ದುರ್ಬಲವಾದ್ದರಿಂದ ಒಳಗಿನಿಂದ ಬಾಗಿಲು ತಳ್ಳಿದರೆ ಬಿಟ್ಟುಕೊಳ್ಳುತ್ತದೆ, ಹೆದರಬೇಕಾಗಿಲ್ಲ. ಪಾರ್ಸಲಿಗೆ ಹಚ್ಚುವ ಕಂದು ಟೇಪು ಮಾತ್ರ ಕೂಡದು, ಬಣ್ಣವನ್ನೇ ಕಿತ್ತುಕೊಂಡು ಬರಬಹುದು. ಹೆದ್ದಾರಿಗೆ ಹೋಗಿ ಎಂಬತ್ತಕ್ಕೆ ಏರಿಸಿದೆ. ಸದ್ದಿಲ್ಲ! ಅಂದರೆ ತಪ್ಪು ಬಾಗಿಲಿನದೇ, ಗಾಜಿನದಲ್ಲ, ಕನ್ನಡಿಯದಲ್ಲ.

ಇನ್ನು ಒಂದೊಂದಾಗಿ ಟೇಪು ಕೀಳುವ ಕೆಲಸ. ಮೊದಲು ನನ್ನ ಬಾಗಿಲಿನದು. ಓಡಿಸಿದೆ, ಸದ್ದಿಲ್ಲ. ಒಂದೂವರೆ ವರ್ಷ ನಾನು ದೂರುತ್ತಿದ್ದ ಬಾಗಿಲು ನಿರಪರಾಧಿ. ಹಿಂದಿನ ಎರಡು ಬಾಗಿಲುಗಳದೂ ಕಿತ್ತೆವು, ಸದ್ದಿಲ್ಲ. ಉಳಿದದ್ದು ನನ್ನಾಕೆಯ ಬಾಗಿಲು. ಅದರ ಕೆಳಗಿನ ಅಂಚು, ಕನ್ನಡಿಯ ಪಕ್ಕದ ತ್ರಿಕೋನ, ಮೇಲಿನ ಅಂಚಿನ ಮುಂಭಾಗ, ಎಲ್ಲ ಕಿತ್ತರೂ ಸದ್ದಿಲ್ಲ. ಮೇಲಿನ ಅಂಚು ಹಿಂದಕ್ಕೆ ಬಂದು ಮುಗಿಯುವ ಮೂಲೆಯ ಗೇಣುದ್ದ ಟೇಪು ಕಿತ್ತೊಡನೆ ‘ಶ್‌ಶ್’ ಎಂದು ಹಳೆಯ ಸದ್ದು ಹಾಜರು. ಆಕೆ ಕೈಯಿಟ್ಟು ತೋರಿಸಿದ್ದ ಜಾಗವೇ ಅದು.

ಖಚಿತಪಡಿಸಿಕೊಳ್ಳಲು ಒಂದು ಊದುಕಡ್ಡಿ ಹಚ್ಚಿದೆವು. ಕೆಳಗೆ ತಟ್ಟೆ ಹಿಡಿದು ಆಕೆಯೇ ಅದನ್ನು ಆ ಮೂಲೆಯ ಬಳಿ ಒಯ್ದಳು. ಗಾಳಿ ಒಳಗೆ ನುಗ್ಗಿ ಹೊಗೆಯನ್ನು ನಮ್ಮ ಮುಖಕ್ಕೆ ಹೊಡೆಯುತ್ತದೆಂದು ನಾನು ನಿರೀಕ್ಷಿಸಿದ್ದೆ. ಹೊಗೆ ಹಾವಿನಂತೆ ಬಾಗಿ ಸಂದಿಯೊಳಗೆ ನುಸುಳಿ ಹೊರಗೆ ಹೋಯಿತು! 1738ರಲ್ಲಿ ಡೇನಿಯಲ್ ಬರ್ನೌಲಿ ಪ್ರಕಟಿಸಿದ ಗ್ರಂಥದ ತತ್ತ್ವವನ್ನು ಎಷ್ಟು ತರಗತಿಗಳಿಗೆ ಬೋಧಿಸಿದ್ದೆನೋ ಲೆಕ್ಕವಿಲ್ಲ. ಕಾರಿನ ಕಿಟಕಿಯ ಮೇಲಂಚಿನಲ್ಲಿ ಗಾಳಿ ರಭಸವಾಗಿ ಹರಿಯುವುದರಿಂದ ಅಲ್ಲಿ ಒತ್ತಡ ಕಡಿಮೆ; ಒಳಗಿನ ಗಾಳಿ ಹೊರಕ್ಕೆ ಸೆಳೆಯಲ್ಪಡುತ್ತದೆ. ಬಿರುಗಾಳಿಗೆ ಶಾಲೆಯ ತಗಡಿನ ಸೂರು ಮೇಲಕ್ಕೆ ಹಾರುವುದರ ಹಿಂದೆಯೂ ಇಂಥದೇ ಸೆಳೆತವಿದೆ. ಅಷ್ಟೇ ಅಲ್ಲ, ಆ ಸೆಳೆತ ಬಾಗಿಲ ಚೌಕಟ್ಟನ್ನೂ ತುಸು ಹೊರಕ್ಕೆ ಎಳೆಯುತ್ತದೆ. ಓಡುವಾಗ ಮಾತ್ರ ತೆರೆದುಕೊಳ್ಳುವ ಸಂದಿ ನಿಂತ ಕಾರಿಗೆ ನೀರು ಹೊಡೆದರೆ ಹೇಗೆ ಕಂಡೀತು?

ಗ್ಯಾರೇಜಿಗೆ ಮರಳಿ ಕಾಗದದ ಪಟ್ಟಿಗಳಿಂದ ಪರೀಕ್ಷಿಸಿದೆವು. ಬಾಗಿಲಿನ ರಬ್ಬರಿಗೆ ಪಟ್ಟಿ ಸಿಕ್ಕಿಸಿ, ಬಾಗಿಲು ಹಾಕಿ ಎಳೆದರೆ ಎಲ್ಲ ಕಡೆ ಬಿಗಿಯಾಗಿ ಬರುತ್ತಿತ್ತು. ಆ ಮೂಲೆಯಲ್ಲಿ ಮಾತ್ರ ಸಲೀಸಾಗಿ ಜಾರಿ ಬಂತು. ಚೌಕಟ್ಟು ಅಲ್ಲಿ ಎರಡು ಮೂರು ಮಿಲಿಮೀಟರು ಹೊರಕ್ಕೆ ಬಾಗಿತ್ತು. “ಸಾರ್, ಇದು ತಾನಾಗಿ ಬಾಗುವುದಲ್ಲ. ಸದ್ದು ಶುರುವಾಗುವ ಮೊದಲು ಏನಾದರೂ ಆಗಿತ್ತಾ?” ಎಂದು ಅವನು ಕೇಳಿದ. ನಾನು ಯೋಚಿಸುತ್ತ ನಿಂತೆ. ನನ್ನಾಕೆ ಹೇಳಿದಳು: “ದಾವಣಗೆರೆ ಮದುವೆಯಲ್ಲಿ ಇವರು ಬೀಗದಕೈ ಒಳಗೇ ಬಿಟ್ಟು ಬಾಗಿಲು ಹಾಕಿದ್ದರಲ್ಲಪ್ಪ. ಯಾರೋ ಬಂದು ಬೆಣೆ ಹೊಡೆದು ಕಂಬಿ ತೂರಿಸಿ ತೆಗೆದರು. ಅವತ್ತು ವಾಪಸು ಬರುವಾಗಲೇ ಸದ್ದು ಇತ್ತು.” ಬೆಣೆ ಹೊಡೆದದ್ದು ಇದೇ ಮೂಲೆಗೆ. ಮರೆವು ನನ್ನದು, ದಂಡ ಕಟ್ಟಿದ್ದು ರಬ್ಬರಿಗೆ, ಮೌನ ಅನುಭವಿಸಿದ್ದು ಆಕೆ.

ದುರಸ್ತಿ ಸರಳವಾಗಿತ್ತು. ಬಾಗಿಲು ತೆರೆದು, ಗಾಜು ಇಳಿಸಿ, ಕೆಳಭಾಗಕ್ಕೆ ಮೊಣಕಾಲು ಆನಿಸಿ, ಚೌಕಟ್ಟಿನ ಮೂಲೆಯನ್ನು ಎರಡೂ ಕೈಗಳಿಂದ ಸ್ವಲ್ಪ ಸ್ವಲ್ಪವೇ ಒಳಕ್ಕೆ ಒತ್ತಿದ. ಪ್ರತಿ ಸಲವೂ ಕಾಗದ ಎಳೆದು ನೋಡಿದ. ಅಳತೆ ಮೀರಿದರೆ ಗಾಜು ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಅವಸರ ಮಾಡಲಿಲ್ಲ. ಒಂದು ಬಿಡಿಭಾಗವನ್ನೂ ಬದಲಿಸಲಿಲ್ಲ. ರಬ್ಬರನ್ನು ಸಾಬೂನು ನೀರಿನಲ್ಲಿ ಒರೆಸಿ, ಸಿಲಿಕಾನ್ ಗ್ರೀಸು ತೆಳುವಾಗಿ ಸವರಿದ. ಸೀಮೆಎಣ್ಣೆ, ಎಂಜಿನ್ ಆಯಿಲ್ ಮುಟ್ಟಿಸಿದರೆ ಈ ರಬ್ಬರು ಉಬ್ಬಿ ಕೆಡುತ್ತದೆಂದು ಎಚ್ಚರಿಸಿದ.

ಎಷ್ಟಾಯಿತಪ್ಪಾ ಎಂದೆ. “ನೂರು ರೂಪಾಯಿ ಕೊಡಿ ಸಾರ್, ಟೇಪಿಂದು. ಪಾರ್ಟು ಏನೂ ಹಾಕಿಲ್ಲವಲ್ಲ” ಎಂದ.

ನಾನು ಈ ಬರಹಕ್ಕೆ ಕೂತದ್ದು ಆ ಮಾತಿಗಾಗಿ. ತಪ್ಪು ರಬ್ಬರನ್ನು ಬದಲಿಸಿದವರಿಗೆ 6,400, ಸರಿಯಾದ ತಪ್ಪನ್ನು ಹುಡುಕಿದವನಿಗೆ ನೂರು. ನಮ್ಮ ಬಿಲ್ಲುಗಳಲ್ಲಿ ಬಿಡಿಭಾಗಕ್ಕೊಂದು ಕಲಮು ಇದೆ, ಕೂಲಿಗೊಂದು ಕಲಮು ಇದೆ. ಹುಡುಕಿದ್ದಕ್ಕೆ ಕಲಮಿಲ್ಲ. ಕಲಮಿಲ್ಲದ ಕೆಲಸವನ್ನು ಯಾರು ಮಾಡುತ್ತಾರೆ? ಅರ್ಧ ದಿನ ಕಾಗದ, ಟೇಪು, ಊದುಕಡ್ಡಿ ಹಿಡಿದು ಪರದಾಡುವುದಕ್ಕಿಂತ ಹೊಸ ಬೀಡಿಂಗ್ ಹಾಕಿ ಬಿಲ್ಲು ಹರಿಯುವುದೇ ಲಾಭವೆಂದು ನಾವೇ ಅವರಿಗೆ ಕಲಿಸಿದ್ದೇವೆ. ಇಂಜೆಕ್ಷನ್ ಕೊಡದ ವೈದ್ಯರಿಗೆ ಫೀಸು ಕೊಡಲು ಗೊಣಗುವವರನ್ನು ನೀವೂ ಕಂಡಿರಬಹುದು. ಕೈಗೆ ಸಿಗುವ ವಸ್ತುವಿಗೆ ಮಾತ್ರ ನಾವು ಬೆಲೆ ಕೊಡುತ್ತೇವೆ, ವಿಚಾರಕ್ಕೆ ಕೊಡುವುದಿಲ್ಲ.

ಹುಡುಕುವುದಕ್ಕೇ ಶುಲ್ಕವಿಟ್ಟರೆ ಹುಡುಕದೆಯೇ ಹಣ ಎಣಿಸಿಕೊಳ್ಳುವವರು ಹುಟ್ಟಿಕೊಳ್ಳುತ್ತಾರೆಂದು ಕೆಲವರು ಆಕ್ಷೇಪಿಸಬಹುದು. ಹುಟ್ಟಬಹುದು. ಆದರೆ ಟೇಪಿನ ಪರೀಕ್ಷೆಯ ಗುಣವೇ ಅದು: ಮೆಕ್ಯಾನಿಕ್ ಪತ್ತೆಹಚ್ಚಿದ್ದನ್ನು ಗ್ರಾಹಕನ ಕಿವಿಗೇ ಕೇಳಿಸಬಲ್ಲ. ತೋರಿಸಿದರೆ ಶುಲ್ಕ, ಇಲ್ಲದಿದ್ದರೆ ಇಲ್ಲ ಎಂದು ಮೊದಲೇ ಮಾತಾಡಿಕೊಂಡರಾಯಿತು. ರಬ್ಬರು ನಿಜವಾಗಿಯೂ ಹಳತಾಗಿ, ಚಪ್ಪಟೆಯಾಗಿ, ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಹಾಗೆಂದು ಪತ್ತೆಯಾದ ಮೇಲೆ ಬದಲಿಸಲಿ.

ಪರರನ್ನಷ್ಟೇ ದೂರುವುದು ನ್ಯಾಯವಲ್ಲ. ಲೆಕ್ಕ ತಪ್ಪಿದ ಹುಡುಗರಿಗೆ ‘ಹತ್ತು ಸಲ ಬರೆದುಕೊಂಡು ಬಾ’ ಎನ್ನುತ್ತಿದ್ದ ಮೇಷ್ಟರು ನಾನು. ಯಾವ ಮೆಟ್ಟಿಲಲ್ಲಿ ಎಡವಿದ, ಅದು ಎಂದಿನಿಂದ ಆರಂಭವಾಯಿತು ಎಂದು ಎಷ್ಟು ಮಂದಿಯನ್ನು ಕೇಳಿದ್ದೆ? ನಾಲ್ಕೂ ಬಾಗಿಲಿಗೆ ಹೊಸ ರಬ್ಬರು ಹಾಕಿದ ವರ್ಕ್‌ಶಾಪಿನವರಿಗೂ ನನಗೂ ಏನು ಅಂತರ? ನಾನು ಎರಡು ಸಲ ನಪಾಸು ಮಾಡಿದ ಹುಡುಗ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕೆಂಬ ವಿಜ್ಞಾನದ ಮೊದಲ ನಿಯಮವನ್ನು ನನ್ನ ಕಣ್ಣೆದುರೇ ಪಾಲಿಸಿದ. ಎಲ್ಲಕ್ಕಿಂತ ಮಿಗಿಲಾಗಿ, ಅವನು ನನ್ನ ಪತ್ನಿಯ ಮಾತನ್ನು ಕೇಳಿಸಿಕೊಂಡ. ಆ ಕೆಲಸವನ್ನು ಒಂದೂವರೆ ವರ್ಷದ ಹಿಂದೆಯೇ ನಾನು ಮಾಡಬಹುದಾಗಿತ್ತು.

ರಸೀತಿ ಪುಸ್ತಕ ತರಿಸಿ, “ಸದ್ದು ಹುಡುಕಿದ ಬಾಬ್ತು 500 ರೂ.” ಎಂದು ಅವನ ಕೈಯಲ್ಲೇ ಬರೆಸಿ ಹಣ ಕೊಟ್ಟೆ. ಅವನು ನಾಚಿಕೊಂಡೇ ಬರೆದ. ಆ ರಸೀತಿ ಈಗಲೂ ಕಾರಿನಲ್ಲಿದೆ.

ಮುಂದಿನ ಬೆಂಗಳೂರು ಪ್ರಯಾಣದಲ್ಲಿ ಹಿರಿಯೂರು ದಾಟಿದರೂ ಶ್ರವಣಯಂತ್ರದ ಡಬ್ಬಿ ಹೊರಬರಲಿಲ್ಲ. ವಾಹನದ ಮೈಗೆ ಬಡಿಯುವ ಗಾಳಿಯ ಸದ್ದಿನ ಶಕ್ತಿ ಸುಮಾರಾಗಿ ವೇಗದ ಆರನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ, ಅರವತ್ತರಿಂದ ತೊಂಬತ್ತಕ್ಕೆ ಹೋದರೆ ಹೆಚ್ಚುಕಡಿಮೆ ಹನ್ನೊಂದು ಪಟ್ಟು ಎಂದು ನಾನು ಆಕೆಗೆ ವಿವರಿಸುತ್ತಿದ್ದೆ. ಶಿರಾ ಹತ್ತಿರ ಬರುವವರೆಗೂ ಆಕೆ ಸಾವಧಾನವಾಗಿ ಕೇಳಿ, ಕೊನೆಗೆ ಹೇಳಿದಳು:

“ಹಾಗಾದರೆ ನಿಧಾನವಾಗಿ ಓಡಿಸಿ ಅಂತ ನಾನು ಇಷ್ಟು ವರ್ಷದಿಂದ ಹೇಳಿದ್ದೂ ಸರಿಯೇ ಅಲ್ಲವೇನ್ರೀ?”

ಈ ಸಲ ಸ್ಪಷ್ಟವಾಗಿ ಕೇಳಿಸಿತು. ಎಪ್ಪತ್ತಕ್ಕೆ ಇಳಿಸಿದೆ.